ಬಣ್ಣ ಹಚ್ಚದ ಸೇಬುಗಳು
ಕೊರಿಯಾದ ಮೋಕ್ಪೋ ಊರಿನ ನಮ್ಮ ಪಿಯಾನೋ ಶಾಲೆಗೆ ಸೇರಿ ಮೂರೇ ತಿಂಗಳಾದ ಒಂಬತ್ತರ ಹುಡುಗಿ ಸೊದಮ್‌ಗೆ ಎಳೆಯರ ಪಾಠ ಬೇಡ, ದೊಡ್ಡವರು ಸ್ಪರ್ಧೆಗೆ ನುಡಿಸುವ ಕೃತಿಯೇ ಬೇಕು. "ಬೆರಳು ಬೆಳೀಲಿ ಕಣೇ" ಅಂದರೆ, "ನುಡಿಸ್ತಾ ಬೆಳೀತಾವೆ ಮಿಸ್" ಅನ್ನುತ್ತಾಳೆ. ಅವಳು ಅದನ್ನು ನುಡಿಸಲು ಶುರುಮಾಡಿದರೆ ಕೆಳಗಿನ ಮೀನಂಗಡಿಯ ಅಜ್ಜಿ, "ಇವತ್ತೂ ಪಿಯಾನೋ ಜೊತೆ ಅದೇ ಜಗಳವೇನಮ್ಮಾ?" ಎಂದು ಕೂಗುತ್ತಾಳೆ. ಆ ಕೃತಿಯನ್ನು ಅವಳಿಂದ ಬಿಡಿಸಿಯೇಬಿಡೋಣವೆಂದು ಇವತ್ತು ಅವಳ ಅಭ್ಯಾಸದ ಪುಸ್ತಕ ತೆರೆದೆ. ಒಂದು ಸಲ ನುಡಿಸಿದರೆ ಅದರಲ್ಲಿನ ಸೇಬಿನ ಚಿತ್ರಗಳಲ್ಲಿ ಒಂದಕ್ಕೆ ಬಣ್ಣ ಹಚ್ಚಬೇಕು. ಉಳಿದ ಮಕ್ಕಳು ಒಮ್ಮೆ ನುಡಿಸಿ ಮೂರಕ್ಕೆ ಬಳಿದುಬಿಡುತ್ತಾರೆ. ವಾರವಿಡೀ ಬಡಿದ ಇವಳ ಹತ್ತು ಸೇಬೂ ಬಿಳಿ. "ಯಾಕೇ?" "ಒಂದ್ಸಲಾನೂ ಸರಿ ಬರ್ಲಿಲ್ಲ ಮಿಸ್." ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಪುಸ್ತಕ ಮುಚ್ಚಿಟ್ಟೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಅದೇ ಕೃತೀಲಿ ಎಡಗೈದು ನಾನು ನುಡಿಸ್ತೀನಿ, ಬಲಗೈದು ನಿಂದು, ಶುರು ಮಾಡು" ಅಂದೆ.