ಮಿರ್ಚಿಗೆ ಹೆದರಿದ ಟೆಸ್ಟ್‌ಗಳು

ಚಳ್ಳಕೆರೆಯಲ್ಲಿ ನಾನು ಕೆಲಸಕ್ಕಿದ್ದ ಸಾಫ್ಟ್‌ವೇರ್ ಆಫೀಸು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲಿತ್ತು. ಅಲ್ಲೊಂದು ದರಿದ್ರ ಪದ್ಧತಿ. ಟೆಸ್ಟ್ ಓಡಿಸಿದಾಗ ಯಾರ ಪರದೆಯಲ್ಲಿ ಕೆಂಪು ಬರುತ್ತದೋ, ಸಂಜೆ ಎಲ್ಲರಿಗೂ ಮಂಡಕ್ಕಿ-ಮಿರ್ಚಿ ಅವರೇ ತರಬೇಕು. ಹಸಿರು ಬಂದವರು ಕೂತು ತಿನ್ನಬಹುದು. ಆಫೀಸಿನ ಯಜಮಾನರು ಇದನ್ನು ಮೋಜಿಗೆ ಶುರು ಮಾಡಿದ್ದಂತೆ. ನನಗೆ ಮೈ ಉರಿಯುತ್ತಿತ್ತು.

ಟೆಸ್ಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಒಂದು ಸಣ್ಣ ಸ್ಕ್ರಿಪ್ಟ್ ಬರೆಯುತ್ತೇವೆ. ಅದು ಆ ಭಾಗಕ್ಕೆ ಪ್ರಶ್ನೆ ಕೇಳಿ, ಸರಿ ಉತ್ತರ ಬಂತೋ ಇಲ್ಲವೋ ನೋಡುತ್ತದೆ. ಬಂದರೆ ಹಸಿರು, ಇಲ್ಲದಿದ್ದರೆ ಕೆಂಪು. ಏನನ್ನು ಪರೀಕ್ಷಿಸುತ್ತದೆಂದು ಅದರ ಹೆಸರಿನಲ್ಲೇ ತಿಳಿಯಬೇಕು. ತನಗೆ ಬೇಕಾದ ಸುಳ್ಳು ಮಾಹಿತಿಯನ್ನು ತಾನೇ ಹುಟ್ಟಿಸಿಕೊಂಡು, ಕೆಲಸ ಮುಗಿದ ಮೇಲೆ ತಾನೇ ಗುಡಿಸಬೇಕು. ಕೆಂಪು ಬಂದರೆ ಪ್ರೋಗ್ರಾಮನ್ನು ತಿದ್ದಬೇಕೇ ಹೊರತು ಟೆಸ್ಟನ್ನಲ್ಲ. ಇಷ್ಟನ್ನು ನಾನು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡೆ. ಮಿರ್ಚಿಯ ಭಯಕ್ಕೆ ನಮ್ಮವರು ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದರು. ತಿಂಗಳುಗಟ್ಟಲೆ ಕೆಂಪು ಕಾಣದವನನ್ನು ಯಜಮಾನರು ಜಾಣ ಅನ್ನುತ್ತಿದ್ದರು.

ಆಗ ಮೊಳಕಾಲ್ಮುರಿನ ನೇಕಾರರ ಸಂಘವೊಂದರ ಕೆಲಸ ಬಂತು. ಸಂಘ ನೇಕಾರರಿಗೆ ಸರದಿಯಂತೆ ರೇಷ್ಮೆ ನೂಲು ಕೊಡುತ್ತದೆ. ಹೆಸರು ಬರೆಸಿದವರ ಸರದಿ ಬಂದಾಗ ಫೋನಿಗೆ ಸಂದೇಶ ಹೋಗಬೇಕು. ನಮ್ಮ ಮನೆಯಲ್ಲೇ ಅವ್ವ ಮತ್ತು ಚಿಕ್ಕವ್ವನಿಗೆ ಸೇರಿ ಒಂದು ಫೋನು. ಹಾಗಾಗಿ ನಾನು ಬರೆದ ಮೊದಲ ಟೆಸ್ಟ್ 'ಒಂದೇ ನಂಬರು, ಇಬ್ಬರು ನೇಕಾರರು'. ಓಡಿಸಿದೆ, ಕೆಂಪು. ಒಂದು ನಂಬರಿಗೆ ಒಬ್ಬರೇ ಎಂದುಕೊಂಡ ಪ್ರೋಗ್ರಾಮು ಎರಡನೆಯವರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು.

ಯಜಮಾನರಿಗೆ ತೋರಿಸಿದೆ. "ಈ ಕಾಲದಾಗೆ ಫೋನ್ ಇಲ್ದೋರು ಯಾರಿದಾರಮ್ಮ? ನಾಳೆ ಕೊಡ್ಬೇಕು ಇದನ್ನ" ಅಂದರು. ಕೀಬೋರ್ಡು ತಮ್ಮತ್ತ ಎಳೆದುಕೊಂಡು, ನನ್ನ ಟೆಸ್ಟ್ ಓಡದ ಹಾಗೆ ಮಾಡಿದರು. ಪರದೆ ಪೂರ್ತಿ ಹಸಿರಾಯಿತು. "ನೋಡು, ನಿಂಗೆ ಮಿರ್ಚಿ ಉಳೀತು" ಎಂದು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ತಿಂಗಳಾದ ಮೇಲೆ ಸಂಘದ ಕಾರ್ಯದರ್ಶಿ ಫೋನು ಮಾಡಿ ಬೈದರು. ಯಜಮಾನರು ನನ್ನನ್ನೂ ಕರೆದುಕೊಂಡು ಮೊಳಕಾಲ್ಮುರಿಗೆ ಹೊರಟರು. ಸಂಘದ ಕೋಣೆಯಲ್ಲಿ ನೇಕಾರ ಹೆಂಗಸೊಬ್ಬರು ಕಾಯುತ್ತಿದ್ದರು. ಅವರೂ ಅವರ ಅತ್ತೆಯೂ ಒಂದೇ ದಿನ, ಒಂದೇ ನಂಬರು ಕೊಟ್ಟು ಹೆಸರು ಬರೆಸಿದ್ದರು. ಅತ್ತೆಗೆ ನೂಲು ಬಂದಿತ್ತು. ಸೊಸೆಯ ಮಗ್ಗ ಖಾಲಿ ನಿಂತಿತ್ತು, ಮದುವೆ ಸೀರೆಯೊಂದನ್ನು ನೇಯಲು ಒಪ್ಪಿಕೊಂಡಿದ್ದರು ಬೇರೆ. ಸಂಘದಲ್ಲಿ ಉಳಿದ ನೂಲು ಕೆಲವರಿಗಷ್ಟೇ ಸಾಲುವಂತಿತ್ತು.

"ನೀವು ಬೇರೆ ಫೋನ್ ತಗೋಬೇಕಿತ್ತು" ಅಂದರು ಯಜಮಾನರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಟೆಸ್ಟ್ ಮಾಡಿದ್ದು ಯಾರ್ರಿ?" ಕಾರ್ಯದರ್ಶಿ ಕೇಳಿದರು.

ಯಜಮಾನರು ನನ್ನ ಕಡೆ ಬೆರಳು ತೋರಿಸಿದರು. "ಈಯಮ್ಮ."

"ಹೌದು, ನಾನೇ. ತಪ್ಪೈತೆ ಅಂತ ತೋರಿಸ್ದೆ. ಟೆಸ್ಟ್ ಓಡದಂಗೆ ಮಾಡಿದ್ದು ಇವರು" ಅಂದೆ. ನಾನು ಅಲ್ಲೇ ಲ್ಯಾಪ್‌ಟಾಪ್ ತೆಗೆದು ಪ್ರೋಗ್ರಾಮು ತಿದ್ದಿದೆ. ಯಜಮಾನರು ನಿಲ್ಲಿಸಿದ್ದ ಟೆಸ್ಟನ್ನು ಮತ್ತೆ ಓಡಿಸಿದೆ, ಹಸಿರು ಬಂತು. ಆ ಹೆಂಗಸಿನ ಹೆಸರನ್ನು ಮತ್ತೆ ಸೇರಿಸಿದೆವು.

ಹೆಸರು ಬಂದದ್ದು ಸರದಿಯ ಕಟ್ಟಕಡೆಗೆ.

"ನಾನು ನಮ್ಮತ್ತೆ ಜೊತೀಗೇ ಬರೆಸಿದ್ನಲ್ರಿ" ಅಂದರು ಆಕೆ. ಕಾರ್ಯದರ್ಶಿ ತಲೆಯಾಡಿಸಿ, "ನಿಜ, ನಾನೇ ಬರ್ಕೊಂಡಿದ್ದೆ" ಅಂದರು.

"ಸಿಸ್ಟಮ್‌ನಾಗೆ ಇವತ್ತಿನ ತಾರೀಕು ಐತೆ. ಅದು ಸರಿಯಾಗೇ ತೋರಿಸ್ತೈತೆ" ಎಂದು ಯಜಮಾನರು ಹೊರಡಲು ತಮ್ಮ ಚೀಲದ ಜಿಪ್ ಎಳೆದರು.

ನನಗೆ ರೇಗಿತು. ಇನ್ನೊಂದು ಟೆಸ್ಟ್ ಬರೆದೆ, 'ಮೊದಲು ಬರೆಸಿದವರಿಗೆ ಮೊದಲ ಸರದಿ'. "ಅದೆಲ್ಲ ಆಫೀಸಿಗೆ ಹೋಗಿ ಮಾಡು, ಇಲ್ಲಿ ಬೇಡ" ಎಂದು ಯಜಮಾನರು ಹಲ್ಲು ಕಚ್ಚಿ ಹೇಳಿದರು. ನಾನು ಓಡಿಸಿದೆ. ಆಮೇಲೆ ಲ್ಯಾಪ್‌ಟಾಪನ್ನು ಆಕೆಯ ಕಡೆಗೆ ತಿರುಗಿಸಿದೆ.

"ಕೆಂಪು ಬಂದೈತೆ. ಹಂಗಂದ್ರೇನ್ರಿ?"

"ನೀವು ಹೇಳಿದ್ದು ನಿಜ ಅಂತ."

ಕಾರ್ಯದರ್ಶಿ ಎದ್ದುಹೋಗಿ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತರು. "ಚೀಲ ಕೆಳಗಿಡ್ರಿ ಯಜಮಾನ್ರೆ" ಅಂದರು. "ಇದು ಹಸಿರಾಗೋವರೆಗೂ ನಾನು ಯಾರಿಗೂ ನೂಲು ಕೊಡಲ್ಲ, ನಿಮ್ಮನ್ನೂ ಬಿಡಲ್ಲ."