ರೆಕ್ಕೆ ಕತ್ತರಿಸಿದ ರಾಣಿಜೇನು

ದೆವ್ವ, ಶಕುನ, ಸತ್ತವರು ಸುಳಿದಾಡುವುದು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುವವನು. ಈಗಲೂ ಅಂಥದ್ದನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ವಿದ್ಯುತ್ ಕೇಂದ್ರದ ಊರಾದ ಬ್ಲಫ್‌ನಲ್ಲಿ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲೂ ಆಗುತ್ತಿಲ್ಲ.

ಮದ್ದೂರು ಕಡೆಯ ಕೊಪ್ಪದ ನಮ್ಮ ತೋಟದಲ್ಲಿ ಜೇನು ಸಾಕುತ್ತೇನೆ. ಹೊಂಗೆ ಹೂ ಬಿಡುವ ಕಾಲಕ್ಕೆ ಪೆಟ್ಟಿಗೆಗಳು ಕಿಕ್ಕಿರಿದು, ಹಳೆಯ ರಾಣಿ ಅರ್ಧ ಹುಳುಗಳನ್ನು ಕಟ್ಟಿಕೊಂಡು ಹೊರಟುಬಿಡುತ್ತದೆ. ಆ ಹಿಂಡು ಸಿಕ್ಕಿದಲ್ಲಿ ಕೂರುತ್ತದೆ, ಜನ ನನಗೆ ಫೋನ್ ಮಾಡುತ್ತಾರೆ. ಆ ವರ್ಷವಂತೂ ಮುದ್ದೆ ಮುರಿಯಲು ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು. ತಡವಾದರೆ ಔಷಧಿ ಹೊಡೆದು ಸಾಯಿಸುತ್ತೇವೆಂಬ ಬೆದರಿಕೆ ಬೇರೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ಊರವರ ಹಿಂಡು ಹಿಡಿಯುವ ಭರದಲ್ಲಿ ನನ್ನದೇ ಒಂದು ಪೆಟ್ಟಿಗೆ ನೋಡಲಿಲ್ಲ. ಅದು ನನ್ನ ಹೆಂಡತಿ, ನಾನು ಅಮ್ಮಿ ಎಂದು ಕರೆಯುತ್ತಿದ್ದ ಜಯಮ್ಮನ ಪೆಟ್ಟಿಗೆ. ಬೇಗ ಗುರುತು ಸಿಗಲೆಂದು ಅದರ ರಾಣಿಯ ಬೆನ್ನಿಗೆ ಅವಳು ಬೆಂಕಿಕಡ್ಡಿಯಲ್ಲಿ ಕೆಂಪು ಉಗುರುಬಣ್ಣ ಇಟ್ಟಿದ್ದಳು. ಕೈ ಅಲುಗಿ ಬೊಟ್ಟಿಗೆ ಬಾಲ ಬಂದಿತ್ತು. ಅದಾದ ತಿಂಗಳಿಗೆ ಅವಳು ತೀರಿಕೊಂಡಳು. ಇದೂ ಬಿಟ್ಟುಹೋದೀತೆಂಬ ಭಯಕ್ಕೆ ನಾನು ರಾಣಿಯ ಎಡರೆಕ್ಕೆಯನ್ನು ಅರ್ಧಕ್ಕೆ ಕತ್ತರಿಸಿದೆ. ಅಂಥ ರಾಣಿ ಹಾರಲಾರದು. ಹೊರಟರೂ ಪೆಟ್ಟಿಗೆಯ ಮುಂದೆಯೇ ಬೀಳುತ್ತದೆ. ರಾಣಿಯಿಲ್ಲದ ಹಿಂಡು ಸುತ್ತಾಡಿ ವಾಪಸ್ ಬರುತ್ತದೆ.

ಒಂದು ಸಂಜೆ ಬಂದು ನೋಡಿದರೆ ಅರ್ಧ ಹುಳು ಇಲ್ಲ, ರಾಣಿಯೂ ಇಲ್ಲ. ಮಂಡಿಯೂರಿ ಹುಲ್ಲೆಲ್ಲ ಕೆದಕಿದೆ. ಇರುವೆ ಎಳೆದುಕೊಂಡು ಹೋಗಿರಬೇಕು ಅಂದುಕೊಂಡೆ. ಅವಳ ಕೈಕೆಲಸವೆಂದು ಜೀವಂತವಾಗಿ ಉಳಿದದ್ದು ಅದೊಂದೇ. ಅದನ್ನೂ ಕಾಯಲಾಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೂರನೇ ದಿನ ಬೆಳಿಗ್ಗೆ ಬ್ಲಫ್‌ನ ಕ್ವಾರ್ಟರ್ಸಿನಿಂದ ಒಬ್ಬ ಹೆಂಗಸಿನ ಫೋನು.

“ಅಣ್ಣಾ, ಸ್ಕೂಟ್ರು ಮ್ಯಾಲೆ ಜೇನು ಕುಂತವೆ. ನಮ್ ಯಜಮಾನ್ರು ಡ್ಯೂಟಿಗೆ ಓಗ್ಬೇಕು, ಬಿರ್ರನೆ ಬನ್ನಿ.”

“ಅಷ್ಟ್ ದೂರ ಆಗಕಿಲ್ಲ ಕಣಮ್ಮ, ಬುಡು.”

“ಅಂಗಾರೆ ಔಸ್ದಿ ಒಡೆದ್ಬುಡ್ತೀವಿ.”

ಬೈದುಕೊಳ್ಳುತ್ತಲೇ ಮದ್ದೂರು, ಮಳವಳ್ಳಿ ದಾಟಿ ಸುಮಾರು ಅರವತ್ತು ಕಿಲೋಮೀಟರ್ ಬೈಕಿನಲ್ಲಿ ಹೋದೆ. ಸೀಟಿನ ಮೇಲಿದ್ದ ಹುಳುಗಳನ್ನು ಬೊಗಸೆಯಲ್ಲಿ ತೆಗೆದು ಪೆಟ್ಟಿಗೆಗೆ ಬಿಡುತ್ತಿದ್ದಾಗ ರಾಣಿ ನನ್ನ ಮಣಿಕಟ್ಟು ಹತ್ತಿತು. ಎಡರೆಕ್ಕೆ ಅರ್ಧ. ಬೆನ್ನ ಮೇಲೆ ಬಾಲ ಬಂದ ಕೆಂಪು ಬೊಟ್ಟು.

ಯಾವುದೋ ಕಬ್ಬಿನ ಲಾರಿಯಲ್ಲಿ ಬಂದಿರಬೇಕು ಎನ್ನುತ್ತಾರೆ ಗೆಳೆಯರು. ಹಿಂಡು ಸಮೇತ ಜೇನು ಲಾರಿ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಬೇರೆ ಯಾವ ಕಾರಣವೂ ಇವತ್ತಿನವರೆಗೆ ಹೊಳೆದಿಲ್ಲ. ಆ ಗಳಿಗೆಯಲ್ಲಿ ಮಾತ್ರ ನನಗೆ ಆಶ್ಚರ್ಯವಾಗಲಿಲ್ಲ, ಭಯವೂ ಆಗಲಿಲ್ಲ. ಎಲ್ಲಿತ್ತೋ ಕಾಣೆ, ಸಿಟ್ಟು ಉಕ್ಕಿ ಬಂತು. ಆ ಹೆಂಗಸು ಬಾಗಿಲಲ್ಲಿ ನಿಂತಿರುವುದನ್ನೂ ಮರೆತು ಹುಳುವನ್ನು ಗದರಿದೆ:

“ಇಲ್ಲೀಗಂಟ ಬರಾಕಾಯ್ತದೆ, ಮನೇಗ್ ಬರಾಕಾಗಕಿಲ್ವೇನಮ್ಮಿ ನಿಂಗೆ?”