ಮನೆಯವರಿಗೆ ಕೆಲಸ ಖಾಲಿ ಇಲ್ಲ

‘ನೀವು ನಮ್ಮ ಮನೆಯವರೇ ಕಣ್ರೀ. ನಿಮಗ್ಯಾತರ ಇಂಟರ್‌ವ್ಯೂ?’

ಕಳೆದ ತಿಂಗಳು ಒಂದು ಸೇವಾಸಂಸ್ಥೆಯ ಕಾರ್ಯದರ್ಶಿಗಳು ಹೀಗಂದಾಗ ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡೆ. ಕಾಫಿ ಬೇರೆ ತರಿಸಿದರು. (ಕಾಫಿ ಕೊಟ್ಟರೆ ಕೆಲಸ ಇಲ್ಲ ಅಂತ ಅರ್ಥ. ನನಗೆ ಈ ವಯಸ್ಸಿನಲ್ಲಿ ತಿಳಿಯಿತು.)

ಹುದ್ದೆಯ ಹೆಸರು ವಾಲಂಟಿಯರ್ ಕೋಆರ್ಡಿನೇಟರ್. ಅಂಧ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರ ಹೇಳುತ್ತಾರೆ, ಪಕ್ಕದಲ್ಲಿ ಕುಳಿತು ಇನ್ನೊಬ್ಬರು ಬರೆಯಬೇಕು. ಹಾಗೆ ಬರೆಯುವವರನ್ನು ಹುಡುಕಿ, ಒಪ್ಪಿಸಿ, ಹೊತ್ತಿಗೆ ಸರಿಯಾಗಿ ಪರೀಕ್ಷೆಗೆ ಮುಟ್ಟಿಸುವ ಕೆಲಸ. ಮೈಸೂರಿನ ಕೃಷ್ಣಮೂರ್ತಿಪುರಂನ ನನ್ನ ಅಡುಗೆಮನೆಯಿಂದ ಆರು ವರ್ಷ ಅದನ್ನೇ ಮಾಡಿದ್ದೇನೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ಈಗ ನನ್ನವರು ದುಡಿಯುತ್ತಿದ್ದ ಹೆಬ್ಬಾಳದ ಫ್ಯಾಕ್ಟರಿ ಬಾಗಿಲು ಹಾಕಿದೆ. ಮನೆಗೊಂದು ಸಂಬಳ ಬೇಕೇ ಬೇಕು.

‘ನೀವು ಹೆಂಗಿದ್ರೂ ಮಾಡ್ತಾನೇ ಇದೀರಲ್ಲ ಮೇಡಂ. ಸೇವೆ ಅಂತ ಬಂದೋರಿಗೆ ಸಂಬಳ ಕೊಡೋದು ನಮಗೇ ಒಂಥರಾ ಮುಜುಗರ’ ಅಂದರು ಕಾರ್ಯದರ್ಶಿಗಳು.

ತಮ್ಮ ಡ್ರೈವರ್‌ಗೆ ಸಂಬಳ ಕೊಡುವಾಗ ಈ ಮುಜುಗರ ಎಲ್ಲಿ ಹೋಗುತ್ತದೆ?

ಕೆಲಸ ಸಿಕ್ಕಿದ್ದು ಎಂಎಸ್‌ಡಬ್ಲ್ಯೂ ಮಾಡಿದ ಯುವಕನೊಬ್ಬನಿಗೆ. ಲ್ಯಾಪ್‌ಟಾಪು, ಒಳ್ಳೆಯ ಇಂಗ್ಲಿಷು. ಅವನ ಮೇಲೆ ನನಗೆ ಸಿಟ್ಟಿಲ್ಲ. (ಇದೆ. ಸುಳ್ಳು ಯಾಕೆ ಹೇಳಲಿ?)

ಮೊನ್ನೆ ಗುರುವಾರ ಬೆಳಿಗ್ಗೆ ಕಾರ್ಯದರ್ಶಿಗಳ ಫೋನ್. ಸವಿತಾ ಎಂಬ ಅಂಧ ಹುಡುಗಿಗೆ ಬಿಕಾಂನ ಕೊನೆಯ ಪರೀಕ್ಷೆ. ಬರೆಯಲು ಹೊಸ ಕೋಆರ್ಡಿನೇಟರ್ ಕಳಿಸಿದ್ದು ಯಾರನ್ನು? ಇನ್ನೊಬ್ಬ ಬಿಕಾಂ ಹುಡುಗಿಯನ್ನು! ವಿಷಯ ಗೊತ್ತಿದ್ದವರು ಚೆನ್ನಾಗಿ ಬರೆಯುತ್ತಾರೆ ಎನ್ನುವುದು ಅವನ ಲೆಕ್ಕ. ಅದೇ ವಿಷಯ ಓದಿದವರು ಬರೆಯುವ ಹಾಗೇ ಇಲ್ಲ ಎನ್ನುವುದು ಈ ಕೆಲಸದ ಅಆಇಈ. ಕಾಲೇಜಿನವರು ಅವಳನ್ನು ಒಳಗೆ ಬಿಡಲಿಲ್ಲ. ಪರೀಕ್ಷೆಗೆ ಉಳಿದಿದ್ದು ನಲವತ್ತು ನಿಮಿಷ.

ಉಪ್ಪು ತಿಂದವರು ನೀರು ಕುಡಿಯಲಿ ಅಂತ ಫೋನ್ ಕುಕ್ಕಬೇಕಿತ್ತು. ಕುಕ್ಕುವುದಕ್ಕೆ ಕೈಯೂ ಎತ್ತಿದ್ದೆ. ಆದರೆ ವರ್ಷ ಕಳೆದುಕೊಳ್ಳುವವಳು ಸವಿತಾ ತಾನೇ?

ಉದಯಗಿರಿಯ ನಾಜಿಮಾಳಿಗೆ ಫೋನ್ ಮಾಡಿದೆ. ಮೆಕ್ಯಾನಿಕ್ ಒಬ್ಬರ ಮಗಳು, ಬಿಎ ಓದುತ್ತಾಳೆ, ಮುತ್ತಿನಂಥ ಅಕ್ಷರ. ‘ಅಪ್ಪನ ಗಾಡೀಲಿ ಬಂದ್ಬುಟ್ಟೆ ಆಂಟಿ’ ಅಂದಳು. ನಾನು ಆಟೋ ಹಿಡಿದು ಕಾಲೇಜು ತಲುಪುವಷ್ಟರಲ್ಲಿ ಅವಳಾಗಲೇ ಸವಿತಾಳ ಕೈಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

ಪರೀಕ್ಷೆ ಮುಗಿಯುವ ಹೊತ್ತಿಗೆ ಗೇಟಿನ ಮುಂದೆ ಕಾರ್ಯದರ್ಶಿಗಳ ಕಾರು. ‘ನೀವಿರೋ ತನಕ ನಮಗೆ ಚಿಂತೆ ಇಲ್ಲ ಕಣ್ರೀ. ವಾರ್ಷಿಕೋತ್ಸವದಲ್ಲಿ ನಿಮಗೊಂದು ಸನ್ಮಾನ ಇಟ್ಕೊಂಡಿದೀವಿ’ ಅಂತ ಕೈಮುಗಿದು ಹೊರಟರು. ಗೊತ್ತಲ್ಲ, ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ನಮ್ಮೂರಿನಲ್ಲಿ ಕೆಲಸ ಕೇಳಿದವರನ್ನು ಸಾಗಹಾಕುವುದು ಹೀಗೆ.

ಪರೀಕ್ಷೆ ಮುಗಿಸಿ ಬಂದು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ ನಾಜಿಮಾ ಮೆಲ್ಲಗೆ ಅಂದಳು: ‘ಆಂಟಿ, ನಾನೂ ನಿಮ್ ಥರ ಚೆನ್ನಾಗ್ ಮಾಡಿದ್ರೆ ಮುಂದೆ ಇಲ್ಲೇ ಕೆಲಸ ಕೊಡ್ತಾರಾ?’

‘ಕೊಡ್ತಾರೆ ಕಣಮ್ಮ. ಆದ್ರೆ ಇನ್ಮೇಲೆ ಒಂದ್ ಸಲಾನೂ ಪುಕ್ಕಟೆ ಬರಬೇಡ.’